ಅಂಗೈ ಅಳತೆಯ ಮದ್ದು

ಕೊಳೆ ರೋಗಕ್ಕೆ ಬೋರ್ಡೋ ಮಾಡುವಾಗ ನಾವು ಎಷ್ಟು ಹುಷಾರು ನೋಡಿ. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, ತಕ್ಕಡಿ ಇಲ್ಲದೆ ಯಾರೂ ಕೈ ಹಾಕಲ್ಲ. ಅದೇ ಮನುಷ್ಯ ಸಂಜೆ ಕೇಪಿನ ಕೋವಿಗೆ ಈಡು ತುಂಬುವಾಗ ಮದ್ದನ್ನು ಅಂಗೈಗೆ ಸುರ್ಕೊಂಡು "ಇಷ್ಟು ಸಾಕು ಬಿಡು" ಅಂತಾನೆ. ಯಾರ ಅಂಗೈ? ನನ್ನದು ಒಂದು ಅಳತೆ, ನನ್ನ ಮಗನದ್ದು ಇನ್ನೊಂದು.

ಕೈಲ್ ಮುಹೂರ್ತ ಬಂತು ಅಂದರೆ ಕೊಡಗಿನ ಕಡೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ಶುರು. ಆಗ ನಮ್ಮ ಹುಡುಗರ ಬಾಯಲ್ಲಿ ಒಂದೇ ಮಾತು, ಮದ್ದು ಸ್ವಲ್ಪ ಜಾಸ್ತಿ ಹಾಕು, ಗುರಿ ಕೂರುತ್ತೆ. ಸುಳ್ಳು. ಗುರಿ ಕೂರೋದು ಪ್ರತಿ ಸಲ ಅಷ್ಟೇ ಮದ್ದು ಬಿದ್ದರೆ. ಒಂದು ಸಲ ಹೆಚ್ಚು ಒಂದು ಸಲ ಕಮ್ಮಿ ಆದರೆ ಗುಂಡು ಒಮ್ಮೆ ಮೇಲೆ ಒಮ್ಮೆ ಕೆಳಗೆ. ಹೆಚ್ಚಾದ ಮದ್ದು ಹೆಗಲಿಗೆ ಒದೆಯುತ್ತೆ, ಅಷ್ಟೇ ಲಾಭ.

ಅಮೆರಿಕದಲ್ಲಿ ಗುರಿಯಾಟದವರು ತೋಟಾಗಳನ್ನು ಮನೆಯಲ್ಲೇ ತುಂಬಿಕೊಳ್ಳುತ್ತಾರೆ. ಗ್ರೇನಿನ ಹತ್ತನೇ ಒಂದು ಭಾಗ ತೋರಿಸುವ ತಕ್ಕಡಿ ಇಟ್ಟು, ಗಾಳಿಗೆ ಮುಳ್ಳು ಅಲ್ಲಾಡಬಾರದು ಅಂತ ಫ್ಯಾನ್ ಆರಿಸಿ ತೂಗುತ್ತಾರೆ. ಆ ವಿಡಿಯೋ ನೋಡಿ ಇಲ್ಲಿ ಲೆಕ್ಕ ಹಾಕುವ ಹುಡುಗರಿಗೆ ಎರಡು ಮಾತು. ಗ್ರೇನ್ ಬೇರೆ, ಗ್ರಾಂ ಬೇರೆ. 1 ಗ್ರಾಂ ಅಂದರೆ 15.4 ಗ್ರೇನ್, ತಪ್ಪಿ ಓದಿದರೆ ಹದಿನೈದು ಪಟ್ಟು. ಎರಡನೇದು, ಅವರು ತೋಟಾಕ್ಕೆ ಹಾಕೋದು ಹೊಗೆ ಇಲ್ಲದ ಮದ್ದು. ನಮ್ಮ ಕೋವಿಗೆ ಕರಿಮದ್ದು. ಆ ಮದ್ದನ್ನು ಈ ನಳಿಗೆಗೆ ಒಂದು ಚಿಟಿಕೆಯೂ ಹಾಕಬೇಡಿ, ನಳಿಗೆ ತಡೆಯಲ್ಲ.

ಕರಿಮದ್ದಿಗೆ ಒಂದೇ ಹಿತ್ತಾಳೆ ಅಳತೆ ಇಟ್ಟುಕೊಂಡರೆ ಸಾಕು. ತುಂಬಿಸಿ, ಬಾಯಿ ಮಟ್ಟಕ್ಕೆ ಸವರಿ, ನಳಿಗೆಗೆ ಸುರಿಯಿರಿ. ಒಂದು ಸಲ ಕುಟ್ಟಿ ತುಂಬಿಸಿ ಇನ್ನೊಂದು ಸಲ ಸಡಿಲ ಬಿಟ್ಟರೆ ಅಳತೆ ಇದ್ದೂ ಇಲ್ಲದ ಹಾಗೆ. ಡಬ್ಬಿಯಿಂದ ನೇರ ನಳಿಗೆಗಂತೂ ಬೇಡವೇ ಬೇಡ. ಹಿಂದಿನ ಈಡಿನ ಕಿಡಿ ಒಳಗೆ ಉಳಿದಿದ್ದರೆ ಡಬ್ಬಿಯೇ ಕೈಯಲ್ಲಿ ಹೊತ್ತಿಕೊಳ್ಳುತ್ತೆ.

ನಮ್ಮ ಚಿಕ್ಕಪ್ಪನಿಗೆ ಎಡಗೈ ಹೆಬ್ಬೆರಳು ಅರ್ಧ ಇರಲಿಲ್ಲ. ಅಳತೆ ಅವರದ್ದು ಸರಿಯಾಗೇ ಇತ್ತು. ಕಾಡುಹಂದಿ ಕಾಯಲು ಹೋದ ರಾತ್ರಿ ಆಗಲೇ ಈಡು ತುಂಬಿದ್ದು ಮರೆತು ಇನ್ನೊಂದು ಅಳತೆ ಹಾಕಿದ್ದರು. ಗಜದ ಮೇಲೆ ಗೀರು ಮಾಡಿಟ್ಟಿದ್ದರೆ ತಿಳೀತಿತ್ತು. ಖಾಲಿ ನಳಿಗೆಗೆ ಗಜ ಎಲ್ಲಿವರೆಗೆ ಇಳಿಯುತ್ತೆ, ಒಂದು ಈಡಿಗೆ ಎಲ್ಲಿ ನಿಲ್ಲುತ್ತೆ ಅಂತ ಎರಡು ಗೀರು, ಐದು ನಿಮಿಷದ ಕೆಲಸ. ಚಿಕ್ಕಪ್ಪ ಆಮೇಲೆ ಮಾಡಿಸಿದರು. ಆ ಗಜ ಈಗ ನನ್ನ ಹತ್ತಿರ ಇದೆ.

ಊರಿನ ಪಂದ್ಯದಲ್ಲಿ ಕೇಪಿನ ಕೋವಿ ತರುವವರ ಗಜ, ಅಳತೆ ಎರಡನ್ನೂ ನೋಡಿಯೇ ಸಾಲಿಗೆ ಬಿಡಬೇಕು ಅಂತ ನಾನು ಎರಡು ವರ್ಷದಿಂದ ಹೇಳ್ತಾ ಇದ್ದೇನೆ. "ಅಜ್ಜನ ಕಾಲದಿಂದ ಹೊಡೀತಿಲ್ವಾ ಮಾರಾಯ್ರೇ" ಅಂತ ನಗ್ತಾರೆ. ಈ ಸಲವೂ ಹೇಳ್ತೇನೆ, ಗಜ ತಗೊಂಡೇ ಹೋಗ್ತೇನೆ.