ನೆಲದ ಒಳಗಿನ ಸುದ್ದಿ ವಾಚನಾಲಯಕ್ಕೂ ಬರಲಿ



2021ರ ಡಿಸೆಂಬರ್ 22ರಂದು ಬೆಳಗ್ಗೆ ಏಳು ಗಂಟೆ ದಾಟುತ್ತಿದ್ದಂತೆ ಚಿಕ್ಕಬಳ್ಳಾಪುರ ಜಿಲ್ಲೆಯ ಕೆಲವು ಹಳ್ಳಿಗಳಲ್ಲಿ ಭೂಮಿ ನಡುಗಿತು. ಐದು ನಿಮಿಷಗಳ ಅಂತರದಲ್ಲಿ ಎರಡು ಸಲ ಆದ ಈ ಕಂಪನಗಳ ಪ್ರಮಾಣ 2.9 ಮತ್ತು 3.0. ಜನ ಮನೆಗಳಿಂದ ಹೊರಗೆ ಓಡಿ ಬಂದರು. ದೊಡ್ಡ ಹಾನಿಯೇನೂ ಆಗಲಿಲ್ಲ. ಆದರೆ ಭಯ ಬೇಗ ಹೋಗಲಿಲ್ಲ. ಇಂಥ ಸಮಯದಲ್ಲಿ ತಿಳಿದವರ ಮಾತಿಗಿಂತ ಗಾಳಿಮಾತೇ ಮೊದಲು ಊರು ಸೇರುತ್ತದೆ.

ಆ ವರ್ಷ ನವೆಂಬರಿನಲ್ಲಿ ಈ ಸೀಮೆಯಲ್ಲಿ ಭಾರಿ ಮಳೆಯಾಗಿ ಕೆರೆಗಳು ಕೋಡಿ ಹರಿದಿದ್ದವು. ಬಹುಕಾಲ ಒಣಗಿದ್ದ ನೆಲಕ್ಕೆ ಒಮ್ಮೆಲೇ ನೀರು ಇಳಿದಾಗ ಕಲ್ಲಿನ ಬಿರುಕುಗಳೊಳಗಿನ ಒತ್ತಡ ಬದಲಾಗಿ ಇಂಥ ಸಣ್ಣ ಕಂಪನಗಳು ಆಗಬಹುದು ಎಂಬುದು ಭೂವಿಜ್ಞಾನಕ್ಕೆ ಗೊತ್ತಿರುವ ಸಂಗತಿ. ಇಷ್ಟನ್ನು ಯಾರಾದರೂ ನಮ್ಮ ಭಾಷೆಯಲ್ಲಿ ಮೊದಲೇ ಹೇಳಿಟ್ಟಿದ್ದರೆ ಭಯ ಅರ್ಧವಾದರೂ ಇಳಿಯುತ್ತಿತ್ತು.

ವಿಚಿತ್ರವೆಂದರೆ, ಭೂಮಿಯ ನಡುಕವನ್ನು ಕೇಳಲೆಂದೇ ಕಟ್ಟಿದ ದೊಡ್ಡ ಕೇಂದ್ರವೊಂದು ಇದೇ ಜಿಲ್ಲೆಯಲ್ಲಿದೆ. ಗೌರಿಬಿದನೂರಿನ ಬಳಿ ಭಾಭಾ ಅಣು ಸಂಶೋಧನಾ ಕೇಂದ್ರದವರು 1965ರಲ್ಲಿ, ಬ್ರಿಟನ್ನಿನ ನೆರವಿನಿಂದ, ಎರಡು ಉದ್ದನೆಯ ಸಾಲುಗಳಲ್ಲಿ ಕಂಪನಮಾಪಕಗಳನ್ನು ಹೂಡಿದರು. ದೂರ ದೇಶದಲ್ಲಿ ನೆಲದಡಿ ಅಣುಬಾಂಬು ಸಿಡಿದರೂ ಅದರ ಸದ್ದನ್ನು ಇಲ್ಲಿಂದ ಗುರುತಿಸಬೇಕೆಂಬುದು ಅದರ ಉದ್ದೇಶ. ನಮ್ಮ ಕಾಲಡಿಯ ಪುರಾತನ ಗಟ್ಟಿ ಕಲ್ಲು ದೂರದ ಕಂಪನವನ್ನು ಕೆಡಿಸದೆ ಮುಟ್ಟಿಸುತ್ತದೆ. ಸಮುದ್ರದಾಚೆಯ ಸ್ಫೋಟ ಕೇಳಿಸುವ ಕಲ್ಲಿನ ಮೇಲೆ ನಿಂತು, ನೂರು ಅಡಿ ಕೆಳಗೆ ನೀರಿದೆಯೋ ಇಲ್ಲವೋ ತಿಳಿಯದೆ ನಾವು ಸಾಲ ಮಾಡುತ್ತಿದ್ದೇವೆ. ದೀಪದ ಕೆಳಗೇ ಕತ್ತಲೆ ಎಂಬ ಮಾತು ಇದಕ್ಕಿಂತ ಚೆನ್ನಾಗಿ ಎಲ್ಲಿ ಒಪ್ಪೀತು?

ಈ ಕಲ್ಲಿನ ಕಥೆ ಸ್ವಲ್ಪ ತಿಳಿಯೋಣ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ – ಈ ನಾಲ್ಕೂ ತಾಲೂಕುಗಳ ಅಡಿಯಲ್ಲಿ ಬಹುಪಾಲು ಹಾಸಿರುವುದು ನೈಸ್ ಮತ್ತು ಗ್ರಾನೈಟ್ ಶಿಲೆ. ಬೆಂಗಳೂರಿನ ಲಾಲ್‌ಬಾಗಿನ ಬಂಡೆ ಈ ನೈಸ್ ಜಾತಿಯದೇ. ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ. ಈ ಜಾತಿಯ ಕಲ್ಲು ಮರಳಿನಂತೆ ನೀರು ಹೀರುವುದಿಲ್ಲ. ಮೇಲಿನ ಮಣ್ಣಿನ ಕೆಳಗೆ ಕಲ್ಲು ಕೊಳೆತು ಪುಡಿಯಾದ ಪದರವೊಂದಿದೆ. ನಮ್ಮ ಹಿರಿಯರ ತೆರೆದ ಬಾವಿಗಳು, ಕಪಿಲೆಗಳು ನಡೆದದ್ದು ಆ ಪದರದ ನೀರಿನಿಂದ. ಅದರ ಕೆಳಗೆ ಗಟ್ಟಿ ಬಂಡೆ. ಅಲ್ಲಿ ಬಿರುಕು ಇದ್ದರೆ ನೀರು, ಇಲ್ಲದಿದ್ದರೆ ಬರೀ ಕಲ್ಲುಪುಡಿ. ಆಳಕ್ಕೆ ಹೋದಂತೆ ಬಿರುಕುಗಳೂ ಸಾಮಾನ್ಯವಾಗಿ ಕಡಿಮೆಯಾಗುತ್ತವೆ. ಸಾವಿರ ಅಡಿ ದಾಟಿದ ಕೊಳವೆ ಬಾವಿ ಇಂದು ಈ ಕಡೆ ಅಪರೂಪವಲ್ಲ. ಆದರೆ ಆಳ ಹೆಚ್ಚಿದಷ್ಟೂ ನೀರು ಹೆಚ್ಚುತ್ತದೆ ಎಂಬ ನಂಬಿಕೆಗೆ ಈ ಕಲ್ಲಿನಲ್ಲಿ ಆಧಾರವಿಲ್ಲ.

ಕೆಲವೆಡೆ ಹೊಲದ ನಡುವೆ ಕಪ್ಪು ಕಲ್ಲಿನ ಸಾಲು ನೆಟ್ಟಗೆ ಹಾದುಹೋಗಿರುವುದನ್ನು ನೀವು ಕಂಡಿರಬಹುದು. ಅದು ನೆಲದೊಳಗೆ ಎದ್ದ ಗೋಡೆಯಿದ್ದಂತೆ. ಹರಿಯುವ ಅಂತರ್ಜಲವನ್ನು ಅದು ಅನೇಕ ಸಲ ತಡೆದು ನಿಲ್ಲಿಸುತ್ತದೆ. ಗೋಡೆಯ ಮೇಲ್ಭಾಗದವನಿಗೆ ನೀರು ಸಿಕ್ಕಿ, ಕೆಳಭಾಗದ ನೆರೆಯವನಿಗೆ ಸಿಗದೆ ಹೋಗುವುದು ಇದರಿಂದ. ಇದು ಅವನ ಹಣೆಬರಹವಲ್ಲ, ಕಲ್ಲಿನ ಬರಹ. ಭೂಮಿಗೆ ವಿದ್ಯುತ್ ಹರಿಸಿ ನೋಡುವ ಪರೀಕ್ಷೆಯಿಂದ ಕೊಳೆತ ಪದರ ಎಷ್ಟು ಆಳವಿದೆ ಎಂಬುದನ್ನು ಅಂದಾಜು ಮಾಡಬಹುದು. ಆ ಪರೀಕ್ಷೆಯೂ ನೂರಕ್ಕೆ ನೂರು ಖಾತರಿ ಕೊಡುವುದಿಲ್ಲ. ಆದರೂ ತೆಂಗಿನಕಾಯಿ, ಕವಲು ಕಡ್ಡಿ ಹಿಡಿದವರ ಮಾತಿಗಿಂತ ಅದು ಮೇಲು.

ಇನ್ನು ಒಂದು ಲೆಕ್ಕ. ಒಂದು ಎಕರೆಯ ಮೇಲೆ ವರ್ಷಕ್ಕೆ 700 ಮಿಲಿಮೀಟರ್ ಮಳೆ ಬಿದ್ದರೆ ಅದು ಸುಮಾರು 28 ಲಕ್ಷ ಲೀಟರ್ ನೀರು. ಕಲ್ಲು ನೆಲದಲ್ಲಿ ಹತ್ತರಲ್ಲಿ ಒಂದು ಪಾಲು ಒಳಗೆ ಇಳಿಯಿತೆಂದು ಹಿಡಿದರೆ 2 ಲಕ್ಷ 80 ಸಾವಿರ ಲೀಟರ್. ಗಂಟೆಗೆ 2,000 ಗ್ಯಾಲನ್, ಅಂದರೆ ಸುಮಾರು 9,000 ಲೀಟರ್ ಎತ್ತುವ ಪಂಪನ್ನು ದಿನಕ್ಕೆ ಐದು ಗಂಟೆ ನಡೆಸಿದರೆ ಅಷ್ಟೂ ನೀರು ಆರೇ ದಿನಗಳಲ್ಲಿ ಮುಗಿಯುತ್ತದೆ. ಮಿಕ್ಕ ದಿನಗಳಲ್ಲಿ ನಾವು ಎತ್ತುವುದು ನೆರೆಹೊಲದ ನೀರು, ಇಲ್ಲವೇ ಹಿಂದಿನ ವರ್ಷಗಳ ಕೂಡಿಟ್ಟ ಗಂಟು. ಸರಕಾರದ ಅಂತರ್ಜಲ ಅಂದಾಜುಗಳಲ್ಲಿ ಈ ನಾಲ್ಕು ತಾಲೂಕುಗಳು ಮತ್ತೆ ಮತ್ತೆ ‘ಅತಿಬಳಕೆ’ಯ ಪಟ್ಟಿಗೆ ಸೇರಿರುವುದಕ್ಕೆ ಇದೇ ಕಾರಣ. ದ್ರಾಕ್ಷಿ, ಟೊಮ್ಯಾಟೊ, ಹಿಪ್ಪುನೇರಳೆ ಎಲ್ಲವೂ ಈ ಗಂಟಿನ ಮೇಲೆಯೇ ನಿಂತಿವೆ.

ಕಲ್ಲು ನೀರಿಗೆ ತನ್ನ ಗುಣವನ್ನೂ ಸೇರಿಸುತ್ತದೆ. ಗ್ರಾನೈಟಿನ ಖನಿಜಗಳಿಂದ ನೀರಿಗೆ ಫ್ಲೋರೈಡ್ ಇಳಿಯುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂಗಿಂತ ಹೆಚ್ಚು ಇರಬಾರದು. ಬೇರೆ ನೀರೇ ಇಲ್ಲದಿದ್ದಾಗ 1.5 ಮಿಲಿಗ್ರಾಂ ಕೊನೆಯ ಮಿತಿ. ಮಿತಿ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದು ಕಲೆಗಟ್ಟುತ್ತದೆ, ದೊಡ್ಡವರ ಮೂಳೆ ಕೀಲು ಬಿಗಿಯುತ್ತವೆ. ನೀರನ್ನು ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ ಎಂಬುದನ್ನು ತಾಯಂದಿರಿಗೆ ವಿಶೇಷವಾಗಿ ತಿಳಿಸಬೇಕು.

ಇದರಲ್ಲಿ ಯಾವುದೂ ಹೊಸ ಶೋಧವಲ್ಲ. ಮೈಸೂರು ಸಂಸ್ಥಾನದಲ್ಲಿ ಭೂವಿಜ್ಞಾನ ಇಲಾಖೆ ಹುಟ್ಟಿದ್ದೇ 1894ರಲ್ಲಿ. ಅಂದಿನಿಂದ ಬರೆದ ವರದಿ, ನಕ್ಷೆಗಳು ಬೇಕಾದಷ್ಟಿವೆ. ಆದರೆ ಅವುಗಳಲ್ಲಿ ಬಹುಪಾಲು ಇಂಗ್ಲಿಷಿನಲ್ಲಿವೆ, ಬೆಂಗಳೂರಿನ ಕಪಾಟುಗಳಲ್ಲಿವೆ. ಆ ಇಲಾಖೆಯ ಮುಖ್ಯಸ್ಥರಾಗಿದ್ದ ಡಾ. ಬಿ.ಪಿ. ರಾಧಾಕೃಷ್ಣ ಅವರು ಅಂತರ್ಜಲದ ಬಗ್ಗೆ ಕನ್ನಡದಲ್ಲೇ ಪುಸ್ತಕ ಬರೆದರು. ಭೂವಿಜ್ಞಾನಿ ಟಿ.ಆರ್. ಅನಂತರಾಮು ಅವರು ಕನ್ನಡದಲ್ಲಿ ನೆಲದ ವಿಷಯ ಬರೆಯುತ್ತಲೇ ಬಂದವರು. ಶಾಸ್ತ್ರವನ್ನು ತಿಳಿಗನ್ನಡದಲ್ಲಿ ಹೇಳಲು ಬರುವುದಿಲ್ಲ ಎಂಬ ನೆಪಕ್ಕೆ ಇವರೇ ಉತ್ತರ. ಕೊರತೆ ಭಾಷೆಯದಲ್ಲ, ಮನಸ್ಸಿನದು.

ಆದ್ದರಿಂದ ಅಧಿಕಾರಿಗಳಲ್ಲಿ ನಮ್ಮ ಕೋರಿಕೆ ಇಷ್ಟೇ. ಪ್ರತಿ ಗ್ರಾಮ ಪಂಚಾಯಿತಿಯ ವಾಚನಾಲಯದ ಗೋಡೆಗೆ ಒಂದು ಹಾಳೆ ಬರಲಿ. ಆ ಊರಿನ ಕೆಳಗಿರುವ ಕಲ್ಲು ಯಾವುದು, ಕೊಳೆತ ಪದರ ಎಷ್ಟು ಆಳ, ವೀಕ್ಷಣಾ ಬಾವಿಯಲ್ಲಿ ಮಳೆಗಾಲಕ್ಕೆ ಮೊದಲು ಮತ್ತು ನಂತರ ನೀರು ಎಷ್ಟು ಅಡಿಯಲ್ಲಿತ್ತು, ಕುಡಿಯುವ ನೀರಿನಲ್ಲಿ ಫ್ಲೋರೈಡ್ ಎಷ್ಟು – ಇಷ್ಟನ್ನು ದಪ್ಪ ಕನ್ನಡ ಅಕ್ಷರದಲ್ಲಿ ಬರೆದು ವರ್ಷಕ್ಕೆ ಎರಡು ಬಾರಿ ಬದಲಿಸಿದರೆ ಸಾಕು. ಭೂಮಿ ನಡುಗಿದ ದಿನ ಸಂಜೆಯೊಳಗೆ ನಾಲ್ಕು ಸಾಲಿನ ವಿವರ ಊರಿಗೆ ತಲುಪಲಿ.

ಕೆಲಸ ಸರಕಾರದ್ದು ಮಾತ್ರವಲ್ಲ, ನಮ್ಮದೂ ಇದೆ. ಕೊಳವೆ ಬಾವಿ ಕೊರೆಸುವಾಗ ಒಂದು ನೋಟುಬುಕ್ಕು ಕೈಯಲ್ಲಿರಲಿ. ಮಣ್ಣು ಎಷ್ಟು ಅಡಿಗೆ ಮುಗಿಯಿತು, ಕೇಸಿಂಗ್ ಪೈಪು ಎಷ್ಟು ಇಳಿಯಿತು, ಗಟ್ಟಿ ಕಲ್ಲು ಎಲ್ಲಿ ಬಂತು, ಕಲ್ಲಿನ ಪುಡಿಯ ಬಣ್ಣ ಎಲ್ಲೆಲ್ಲಿ ಬದಲಾಯಿತು, ನೀರು ಯಾವ ಆಳದಲ್ಲಿ ಎಷ್ಟು ಸಿಕ್ಕಿತು ಎಂಬುದನ್ನು ಬರೆದಿಡಿ. ನೀರು ಬಾರದ ಬಾವಿಯ ವಿವರವನ್ನೂ ತಪ್ಪದೆ ಬರೆಯಿರಿ. ಬಿದ್ದುಹೋದ ಬಾವಿಯನ್ನು ಹೇಳಿಕೊಳ್ಳಲು ನಾಚಿಕೆ ಬೇಡ. ಅದನ್ನು ಮುಚ್ಚಿಟ್ಟರೆ ಪಕ್ಕದ ಹೊಲದವರು ಅದೇ ಕಲ್ಲಿಗೆ ಅದೇ ಹಣ ಸುರಿಯುತ್ತಾರೆ. ಇಂಥ ಇಪ್ಪತ್ತು ಬಾವಿಗಳ ವಿವರ ವಾಚನಾಲಯದ ಒಂದೇ ಪುಸ್ತಕದಲ್ಲಿ ಕೂಡಿದರೆ ಅದೇ ನಿಮ್ಮ ಊರಿನ ನೆಲದ ನಕ್ಷೆ. ಭೂವಿಜ್ಞಾನಿ ಊರಿಗೆ ಬಂದಾಗ ಅವರ ಮುಂದೆ ಅದನ್ನು ಇಡಿ. ಅವರಿಗೂ ಅದು ಬಹಳ ಬೆಲೆಯ ಸಾಮಗ್ರಿ.

ಹೊಲದ ಪಹಣಿಯನ್ನು ಕಾಪಾಡಿಕೊಳ್ಳುವ ನಾವು ಹೊಲದ ಒಳಗಿನ ಲೆಕ್ಕವನ್ನು ಇಷ್ಟು ಕಾಲ ಬಿಟ್ಟಿದ್ದೇವೆ. ಮುಂದಿನ ರಿಗ್ ಲಾರಿ ನಿಮ್ಮ ಊರಿಗೆ ಬರುವ ಮೊದಲೇ ಆ ಪುಸ್ತಕದ ಮೊದಲ ಪುಟ ತುಂಬಲಿ.