ವಾಲ್ವಿನ ಗುಣವೂ ವಾಲ್ವಿನ ದೋಷವೂ

ಶೃಂಗೇರಿಯಲ್ಲಿ ಶರನ್ನವರಾತ್ರಿಯ ಸಂಗೀತ ಕಛೇರಿ ನಡೆಯುವಾಗ ಗಾಯಕರ ಕಂಠಕ್ಕಿಂತ ಮೊದಲು ಕೇಳಿಬರುವುದು ತಂಬೂರಿಯ ನಾದ. ತಂಬೂರಿಯ ಕುದುರೆಯ ಮೇಲೆ ಪ್ರತಿಯೊಂದು ತಂತಿಯ ಅಡಿಯಲ್ಲಿಯೂ ಒಂದು ಸಣ್ಣ ನೂಲಿನ ಎಳೆಯಿರುತ್ತದೆ. ಅದನ್ನು ತೆಗೆದರೆ ನಾದ ಮಂಕಾಗುತ್ತದೆ. ತಕ್ಕ ಸ್ಥಳದಲ್ಲಿಟ್ಟರೆ ಮೂಲಸ್ವರದೊಡನೆ ಅನೇಕ ಉಪಸ್ವರಗಳೆದ್ದು ನಾದ ತುಂಬಿಕೊಳ್ಳುತ್ತದೆ. ಕಂಪಿಸುವ ತಂತಿ ಕುದುರೆಯನ್ನು ಸವರುವುದರಿಂದ ಹುಟ್ಟುವ ಈ ಉಪಸ್ವರಗಳ ಕಡೆಗೆ 1921ರಲ್ಲಿಯೇ ವಿಜ್ಞಾನಿಗಳ ಗಮನವನ್ನು ಸೆಳೆದವರು ಸಿ. ವಿ. ರಾಮನ್ನರು. ಈ ಎಳೆಯನ್ನು ನೆನಪಿನಲ್ಲಿಟ್ಟುಕೊಂಡು ನಾವು ಮತ್ತೊಂದು ತಂತಿವಾದ್ಯದ ಪ್ರಶ್ನೆಯನ್ನು ವಿಚಾರಿಸೋಣ.

ಅಮೆರಿಕದಲ್ಲಿ ಲಿಯೋ ಫೆಂಡರ್ ಎಂಬಾತನು 1951ರಲ್ಲಿ ವಿದ್ಯುತ್ ಬೇಸ್ ಗಿಟಾರನ್ನೂ 1952ರಲ್ಲಿ ಅದಕ್ಕೆ ತಕ್ಕ ‘ಬೇಸ್‌ಮನ್’ ಎಂಬ ವರ್ಧಕವನ್ನೂ ಮಾರಾಟಕ್ಕೆ ತಂದನು. 1960ರಲ್ಲಿ ಆಂಪೆಗ್ ಸಂಸ್ಥೆಯ ಬಿ–15 ವರ್ಧಕ ಬಂದಿತು. ಇವೆಲ್ಲವೂ ವಾಲ್ವುಗಳಿಂದ, ಎಂದರೆ ನಿರ್ವಾತ ನಳಿಕೆಗಳಿಂದ ನಡೆಯುವ ಯಂತ್ರಗಳು. ಇಂದಿಗೂ ತರುಣ ವಾದಕರಲ್ಲಿ ಅನೇಕರು ‘ವಾಲ್ವಿನ ನಾದಕ್ಕೆ ಜೀವವಿದೆ’ ಎನ್ನುತ್ತಾರೆ. ಇನ್ನು ಕೆಲವರು ಅದನ್ನು ಹಳೆಯ ಕಾಲದ ಭ್ರಮೆಯೆಂದು ನಗುತ್ತಾರೆ. ಈ ಎರಡು ಪಕ್ಷಗಳೂ ಒಂದು ಪ್ರಶ್ನೆಯನ್ನು ಕೇಳಲು ಮರೆತಿವೆಯೆಂಬುದು ನಮ್ಮ ಅಭಿಪ್ರಾಯ. ಯಾವ ಕೆಲಸಕ್ಕಾಗಿ ವಾಲ್ವು ಒಳ್ಳೆಯದು ಎಂಬುದೇ ಆ ಪ್ರಶ್ನೆ.

ಮೊದಲು ವಾಲ್ವು ಮಾಡುವ ಕೆಲಸವನ್ನು ನೋಡೋಣ. ಗಾಳಿಯನ್ನು ತೆಗೆದ ಗಾಜಿನ ನಳಿಕೆಯೊಳಗೆ ಕಾದ ಋಣಾಗ್ರವೊಂದು ಎಲೆಕ್ಟ್ರಾನುಗಳನ್ನು ಹೊರಸೂಸುತ್ತದೆ. ನೂರಾರು ವೋಲ್ಟುಗಳ ಧನಾಗ್ರ ಅವನ್ನು ತನ್ನೆಡೆಗೆ ಸೆಳೆಯುತ್ತದೆ. ಇವೆರಡರ ನಡುವೆ ತೆಳುವಾದ ತಂತಿಯ ಜಾಲಕವೊಂದಿದೆ. ಜಾಲಕದ ವೋಲ್ಟೇಜು ಅಲ್ಪಸ್ವಲ್ಪ ಬದಲಾದರೂ ಎಲೆಕ್ಟ್ರಾನುಗಳ ಪ್ರವಾಹ ಬಹಳವಾಗಿ ಬದಲಾಗುತ್ತದೆ. ಮಲೆನಾಡಿನ ಅಡಿಕೆತೋಟದ ಮೇಲಣ ಕೆರೆಯ ತೂಬನ್ನು ಬಲ್ಲವರಿಗೆ ಇದು ಸುಲಭವಾಗಿ ತಿಳಿದೀತು. ತೂಬನ್ನು ಆಡಿಸಲು ಅಲ್ಪಬಲ ಸಾಕು. ತೋಟಕ್ಕೆ ಹರಿಯುವ ನೀರಿನ ರಭಸ ಮಾತ್ರ ಕೆರೆಯದು, ಕೈಯದಲ್ಲ. ಹಾಗೆಯೇ ವಾಲ್ವು ಶಕ್ತಿಯನ್ನು ಸೃಷ್ಟಿಸುವುದಿಲ್ಲ. ಪೂರೈಕೆಯಾದ ಶಕ್ತಿಯನ್ನು ಚಿಕ್ಕ ಸಂಕೇತವೊಂದರ ಆಜ್ಞೆಯಂತೆ ಹರಿಯಗೊಡುತ್ತದೆ.

ಗಿಟಾರಿನ ತಂತಿಯ ಕಂಪನದಿಂದ ಹುಟ್ಟುವ ವಿದ್ಯುತ್ ಸಂಕೇತ ಸಾಮಾನ್ಯವಾಗಿ ಒಂದು ವೋಲ್ಟಿಗಿಂತ ಬಹಳ ಕಡಮೆ. ಇದನ್ನು ಮೊದಲು ಬರಮಾಡಿಕೊಳ್ಳುವುದು ಪೂರ್ವವರ್ಧಕದ ವಾಲ್ವು. ಈ ಕೆಲಸಕ್ಕೆ ಹೆಸರಾದ ‘12 ಎ ಎಕ್ಸ್ 7’ ಎಂಬ ನಳಿಕೆಯಲ್ಲಿ ಎರಡು ವಾಲ್ವುಗಳು ಒಂದೇ ಗಾಜಿನೊಳಗೆ ಅಡಗಿವೆ. ಒಂದೊಂದೂ ಸಂಕೇತವನ್ನು ಸುಮಾರು 50 ಪಟ್ಟು ಹೆಚ್ಚಿಸಬಲ್ಲದು. ಮಂದ್ರ, ತಾರಗಳನ್ನು ಹೊಂದಿಸುವ ಮಂಡಲದಲ್ಲಿ ಸಂಕೇತದ ಒಂದು ಭಾಗ ನಷ್ಟವಾಗುವುದರಿಂದ ಅದನ್ನು ತುಂಬಿಕೊಡಲು ಮತ್ತೊಂದು ವಾಲ್ವು ಬೇಕಾಗುತ್ತದೆ. ಅಲ್ಲಿಂದ ಮುಂದೆ ಧ್ವನಿಪೆಟ್ಟಿಗೆಯನ್ನು ನಡೆಸುವ ಹೊಣೆ ದೊಡ್ಡ ಶಕ್ತಿವಾಲ್ವುಗಳದು.

ಆದರೆ ತೂಬಿನ ಹೋಲಿಕೆಗೆ ಒಂದು ಮಿತಿಯಿದೆ. ವಾಲ್ವಿನಲ್ಲಿ ಪ್ರವಾಹವು ಜಾಲಕದ ಆಜ್ಞೆಯನ್ನು ಎಲ್ಲೆಡೆಯಲ್ಲಿಯೂ ಒಂದೇ ಪ್ರಮಾಣದಲ್ಲಿ ಪಾಲಿಸುವುದಿಲ್ಲ. ಸಂಕೇತ ದೊಡ್ಡದಾದಂತೆ ಅಲೆಯ ಒಂದು ಪಕ್ಕ ಇನ್ನೊಂದಕ್ಕಿಂತ ಸ್ವಲ್ಪ ಹೆಚ್ಚಾಗಿ ಬಾಗುತ್ತದೆ. ಇದರ ಫಲವಾಗಿ ಮೂಲದಲ್ಲಿಲ್ಲದ ಉಪಸ್ವರಗಳು, ಮುಖ್ಯವಾಗಿ ಮೇಲಿನ ಷಡ್ಜಕ್ಕೆ ಸಮನಾದ ಎರಡನೆಯ ಉಪಸ್ವರ, ಹುಟ್ಟುತ್ತವೆ. ಬೇಸ್ ಗಿಟಾರಿನ ಅತಿ ಮಂದ್ರ ತಂತಿ ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸುತ್ತದೆ. ಚಿಕ್ಕ ಧ್ವನಿಪೆಟ್ಟಿಗೆಗಳು ಇಷ್ಟು ತಗ್ಗಿನ ಸ್ವರವನ್ನು ಚೆನ್ನಾಗಿ ನುಡಿಯಲಾರವು. ಆದರೂ 82, 123, 164 ಕಂಪನಗಳ ಉಪಸ್ವರಗಳು ಕೇಳಿಸಿದರೆ ನಮ್ಮ ಕಿವಿ 41ರ ಶ್ರುತಿಯನ್ನೇ ಗ್ರಹಿಸುತ್ತದೆ. ವಾದಕರು ‘ಜೀವ’ವೆಂದು ಕರೆಯುವುದರಲ್ಲಿ ಒಂದು ಪಾಲು ಇದೇ. ಉಳಿದ ಪಾಲು ಶಕ್ತಿವಾಲ್ವು, ಟ್ರಾನ್ಸ್‌ಫಾರ್ಮರು, ಧ್ವನಿಪೆಟ್ಟಿಗೆಗಳಿಗೆ ಸಲ್ಲತಕ್ಕದ್ದು.

ಅಳತೆಯ ದೃಷ್ಟಿಯಿಂದ ಇದು ದೋಷ. ವಾದ್ಯದ ದೃಷ್ಟಿಯಿಂದ ಗುಣ. ಬೇಸ್ ಗಿಟಾರಿನ ವರ್ಧಕವು ವಾದ್ಯದ ಒಂದು ಅಂಗ. ತಂಬೂರಿಯ ಎಳೆಯ ಕಾರ್ಯಕ್ರಮವೇ ಬೇರೆಯಾದರೂ ಉಪಸ್ವರಗಳನ್ನು ಕೂಡಿಸುವ ಫಲದಲ್ಲಿ ಎರಡಕ್ಕೂ ಹೋಲಿಕೆಯಿದೆ. ಆದರೆ ಅದೇ ದೋಷ ಯಕ್ಷಗಾನದ ರಂಗಸ್ಥಳದ ಧ್ವನಿವರ್ಧಕದಲ್ಲಿ ಕಾಣಿಸಿಕೊಂಡರೆ ಹೇಗೆ? ಚೆಂಡೆ, ಮದ್ದಳೆ, ಭಾಗವತರ ಕಂಠ ಎಲ್ಲವೂ ಒಂದೇ ವರ್ಧಕದಲ್ಲಿ ಹಾದು ಹೋಗುವಾಗ ಅದು ತನ್ನ ಮಿತಿಯನ್ನು ಮೀರಿದರೆ, ಒಂದರ ಸ್ವರ ಇನ್ನೊಂದರೊಡನೆ ಬೆರೆತು ಯಾವುದಕ್ಕೂ ಸೇರದ ಹೊಸ ಸ್ವರಗಳು ಹುಟ್ಟುತ್ತವೆ. ಪದ್ಯದ ಅಕ್ಷರಗಳು ಅಳಿಸಿಹೋಗುತ್ತವೆ. ಅರ್ಥಗಾರಿಕೆ ಕೇಳಬಂದವರು ಬರಿಯ ಗದ್ದಲವನ್ನು ಕೇಳಿ ಹಿಂತಿರುಗುತ್ತಾರೆ. ಅಲ್ಲಿ ವರ್ಧಕವು ವಾದ್ಯವಲ್ಲ, ದೂತ. ದೂತನು ತನ್ನ ಮಾತನ್ನು ಸೇರಿಸಬಾರದು.

ಈ ವಿವೇಕವಿಲ್ಲದೆ ಹಳೆಯ ವಾಲ್ವಿಗಾಗಿ ಹಣ ಸುರಿಯುವುದನ್ನು ನಾವು ಒಪ್ಪಲಾರೆವು. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ 1961ರಲ್ಲಿ ವಾಲ್ವುಗಳ ತಯಾರಿಕೆಗೆ ತೊಡಗಿ, 1962ರಲ್ಲಿಯೇ ಜರ್ಮೇನಿಯಂ ಅರೆವಾಹಕಗಳಿಗೂ ಕೈಹಾಕಿತು. ಒಂದೇ ನೆಲದಲ್ಲಿ ಎರಡೂ ಉಪಕರಣಗಳು ಸಿದ್ಧವಾದವು. ಉಪಯೋಗವೇ ಅವುಗಳ ಅಳತೆಗೋಲು. ಮಲೆನಾಡಿನ ಮಳೆಗಾಲದ ತೇವ ವಾಲ್ವಿನ ಗಾಜಿನೊಳಗೆ ನುಗ್ಗಲಾರದು; ಅದರ ಕಾಲುಗಳನ್ನೂ ಹಳೆಯ ಕಾಗದದ ಕೆಪಾಸಿಟರುಗಳನ್ನೂ ಕೆಡಿಸಬಲ್ಲದು. ಹೀಗಿರುವಾಗ ನಾದ ಕೆಟ್ಟಿತೆಂದೊಡನೆ ವಾಲ್ವನ್ನೇ ದೂರುವುದು ತರವಲ್ಲ.

ವಿದ್ಯಾರ್ಥಿಗಳು ಈ ಮಾತನ್ನು ತಾವೇ ಪರೀಕ್ಷಿಸಬಹುದು. ಸ್ವರದ ಉಪಸ್ವರಗಳನ್ನು ಚಿತ್ರಿಸಿ ತೋರಿಸುವ ಸಾಧನಗಳು ಇಂದು ಮೊಬೈಲು ಫೋನಿನಲ್ಲಿಯೇ ದೊರೆಯುತ್ತವೆ. ತಂಬೂರಿಯನ್ನು ಎಳೆಯೊಡನೆ ಒಮ್ಮೆ, ಎಳೆಯಿಲ್ಲದೆ ಒಮ್ಮೆ ಮೀಟಿ ಎರಡು ಚಿತ್ರಗಳನ್ನೂ ಹೋಲಿಸಿರಿ. ವಾಲ್ವಿನ ವರ್ಧಕ ಸಿಕ್ಕಿದರೆ ಅದರ ನಾದವನ್ನೂ ಹೀಗೆಯೇ ಪರೀಕ್ಷಿಸಿರಿ. ಆದರೆ ಅದರ ಪೆಟ್ಟಿಗೆಯನ್ನು ಮಾತ್ರ ಬಿಚ್ಚಬೇಡಿರಿ. ಸ್ವಿಚ್ಚು ಆರಿಸಿದ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ ಪ್ರಾಣಾಪಾಯಕರವಾದ ವೋಲ್ಟೇಜು ಉಳಿದಿರಬಹುದು. ಕಿವಿ ಮೆಚ್ಚಿದ್ದನ್ನು ಅಳೆದು ನೋಡುವುದರಿಂದ ಅದರ ಸೊಗಸು ಕುಗ್ಗುವುದಿಲ್ಲ. ಯಾವ ದೋಷ ಎಲ್ಲಿ ಗುಣವಾಗುತ್ತದೆಂಬುದನ್ನು ತಿಳಿದು ಆರಿಸಿಕೊಳ್ಳುವ ಸ್ವಾತಂತ್ರ್ಯ ಅದರಿಂದಲೇ ನಮಗೆ ಲಭಿಸುತ್ತದೆ.