ನಾವು ಗಿರಾಕಿಗಳಲ್ಲ



ಕೊರೊನಾ ಕಾಲದ ಪತ್ರಿಕೆಗಳನ್ನು ಈಗ ಒಮ್ಮೆ ತೆಗೆದು ನೋಡಿ. 2020, 2021ರವು. ಮುಖಪುಟದಲ್ಲಿ ಸತ್ತವರ ಲೆಕ್ಕ, ಒಳಪುಟದಲ್ಲಿ ವಿಮೆಯ ಪ್ರಶ್ನೋತ್ತರ. ನನ್ನ ಪಾಲಿಸಿಯಲ್ಲಿ ಕೊರೊನಾ ಸೇರುತ್ತದೆಯೆ? ಮನೆಯಲ್ಲೇ ಚಿಕಿತ್ಸೆ ಪಡೆದರೆ ಕ್ಲೇಮು ಸಿಗುತ್ತದೆಯೆ? ಪಿಪಿಇ ಕಿಟ್ಟಿನ ದುಡ್ಡು ಯಾರು ಕೊಡಬೇಕು? ಕೇಳುವವರು ಗ್ರಾಹಕರು, ಉತ್ತರಿಸುವವರು ತಜ್ಞರು. ಜ್ಞಾನಭಾರತಿಯ ಲೈಬ್ರರಿಯಲ್ಲಿ ಕೂತು ಒಂದು ವಾರ ಇವನ್ನೇ ಓದಿದೆ. ಓದಿ ಒಂದು ಮಾತು ಖಾತ್ರಿಯಾಯಿತು. ಆ ಗ್ರಾಹಕರ ಸಾಲಿನಲ್ಲಿ ನಮ್ಮ ಚಿಕ್ಕಪ್ಪ ಎಲ್ಲೂ ಇಲ್ಲ.

ಚಿಕ್ಕಪ್ಪ ಸತ್ತದ್ದು 2021ರ ಮೇ 9ರ ರಾತ್ರಿ, ಮಲ್ಲತ್ತಹಳ್ಳಿಯ ಶೀಟಿನ ಮನೆಯಲ್ಲಿ. ನಲವತ್ನಾಲ್ಕು ವಯಸ್ಸು. ಕಾಮಾಕ್ಷಿಪಾಳ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಕಬ್ಬಿಣಕ್ಕೆ ಪಾಲಿಶ್ ಹಿಡಿಯುವ ಕೆಲಸ, ಅದೂ ಕಂಟ್ರಾಕ್ಟರ್ ಕೈಕೆಳಗೆ. ಜ್ವರ ಬಂದ ನಾಲ್ಕನೇ ದಿನ ಮೂಗಿಗೆ ಕಡ್ಡಿ ಹಾಕಿ ನೋಡಿ ನೆಗೆಟಿವ್ ಅಂದರು. ಆರನೇ ದಿನ ಉಸಿರು ಸಿಕ್ಕಲಿಲ್ಲ. ಸಾಲ ಮಾಡಿ ಎದೆಯ ಸ್ಕ್ಯಾನ್ ಮಾಡಿಸಿದೆವು. ಫಿಲಂ ಕೊಡುವ ಹುಡುಗ ನಮ್ಮ ಮುಖ ನೋಡಲಿಲ್ಲ, ‘ಬೇಗ ಅಡ್ಮಿಟ್ ಮಾಡ್ಸಿ’ ಅಂದ. ಆ ದಿನಗಳಲ್ಲಿ ಬೆಂಗಳೂರಿನಲ್ಲಿ ಹಾಸಿಗೆ ಬೇಕೆಂದರೆ 1912ಕ್ಕೆ ಫೋನ್ ಮಾಡಬೇಕಿತ್ತು. ಅದು ಕರೆಂಟು ಹೋದರೆ ಮಾಡುವ ನಂಬರು. ಹಾಸಿಗೆಗೆ ಬಿಯು ನಂಬರ್ ಬೇಕು, ಬಿಯು ನಂಬರಿಗೆ ಪಾಸಿಟಿವ್ ವರದಿ ಬೇಕು. ಚಿಕ್ಕಪ್ಪನ ಹತ್ತಿರ ಇದ್ದದ್ದು ಒಂದು ನೆಗೆಟಿವ್ ಚೀಟಿ ಮತ್ತು ಬೆಳ್ಳಗಾದ ಶ್ವಾಸಕೋಶ.

ಒಂದು ಖಾಸಗಿ ಆಸ್ಪತ್ರೆಯ ಗೇಟಿನಲ್ಲಿ ಕೇಳಿದರು: ‘ಇನ್ಶೂರೆನ್ಸ್ ಇದೆಯಾ? ಇಲ್ಲಾಂದ್ರೆ ಎರಡು ಲಕ್ಷ ಅಡ್ವಾನ್ಸ್ ಕಟ್ಟಿ.’ ಚಿಕ್ಕವ್ವ ಕಿವಿಯ ಓಲೆ ಬಿಚ್ಚಿ ಮುಷ್ಟಿಯಲ್ಲಿ ಹಿಡ್ಕೊಂಡು ನಿಂತಿದ್ದಳು. ಅದನ್ನು ಯಾರೂ ಕೇಳಲಿಲ್ಲ. ಆಟೋದಲ್ಲೇ ವಾಪಸ್ ಬಂದೆವು. ನಡುರಾತ್ರಿ ಒಂದು ಟೆಂಪೋದಲ್ಲಿ ಮಾಗಡಿ ಕಡೆಯ ನಮ್ಮೂರ ಕೇರಿಗೆ ತಗೊಂಡು ಹೋಗಿ ಮಣ್ಣು ಮಾಡಿದೆವು. ದಾರಿಯುದ್ದಕ್ಕೂ ಆಂಬುಲೆನ್ಸ್. ತಾವರೆಕೆರೆ, ಗಿಡ್ಡೇನಹಳ್ಳಿಗಳಲ್ಲಿ ಬಯಲಲ್ಲೇ ಹೆಣ ಸುಡುತ್ತಿದ್ದ ಕಾಲ ಅದು.

ತಜ್ಞರ ಉತ್ತರಗಳು ಸುಳ್ಳು ಅಂತ ನಾನು ಹೇಳುತ್ತಿಲ್ಲ. ಆಸ್ಪತ್ರೆ ಖರ್ಚು ಕೊಡುವ ಪಾಲಿಸಿ ಇದ್ದರೆ ಕೊರೊನಾ ಖರ್ಚನ್ನೂ ಕೊಡಬೇಕು ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2020ರ ಮಾರ್ಚ್ 4ರಂದೇ ಸುತ್ತೋಲೆ ಕಳಿಸಿತ್ತು. ಜುಲೈನಲ್ಲಿ ಕೊರೊನಾ ಕವಚ್, ಕೊರೊನಾ ರಕ್ಷಕ್ ಎಂಬ ಎರಡು ಪಾಲಿಸಿಗಳೂ ಬಂದವು. ಕವಚದಲ್ಲಿ ಪಿಪಿಇ ಕಿಟ್ಟಿಗೂ ದುಡ್ಡಿತ್ತು, ಮನೆಯಲ್ಲಿ ಹದಿನಾಲ್ಕು ದಿನದ ಚಿಕಿತ್ಸೆಗೂ ಇತ್ತು. ಆದರೆ ಪಾಸಿಟಿವ್ ವರದಿ ಇರಬೇಕಿತ್ತು. ರಕ್ಷಕ್ ದುಡ್ಡು ಒಂದೇ ಗಂಟಾಗಿ ಬರುತ್ತಿತ್ತು. ಆದರೆ ಪಾಸಿಟಿವ್ ಆಗಿ ಎಪ್ಪತ್ತೆರಡು ಗಂಟೆ ಆಸ್ಪತ್ರೆಯಲ್ಲಿ ಮಲಗಿರಬೇಕಿತ್ತು. ಮಾಮೂಲಿ ಪಾಲಿಸಿಗೆ ಇಪ್ಪತ್ನಾಲ್ಕು ಗಂಟೆ ಸಾಕು. ಹಾಸಿಗೆಯೇ ಸಿಗದವನು ಎಷ್ಟು ಗಂಟೆ ಮಲಗಿದ್ದ ಅಂತ ಬರೆಯೋದು ಸ್ವಾಮಿ? ಆಸ್ಪತ್ರೆಯಲ್ಲಿ ಜಾಗವಿಲ್ಲದೆ ಮನೆಯಲ್ಲೇ ಚಿಕಿತ್ಸೆ ಪಡೆದರೂ ಹಣ ಕೊಡಬೇಕೆಂಬ ಕಲಮು ಎಷ್ಟೋ ಪಾಲಿಸಿಗಳಲ್ಲಿ ಇತ್ತು. ಪಾಲಿಸಿ ಮಾರುವಾಗ ಅದನ್ನು ಓದಿ ಹೇಳಿದ ಏಜೆಂಟರನ್ನು ನಾನಂತೂ ಕಂಡಿಲ್ಲ.

ಇನ್ನೊಂದು ಕಲಮು ಇದೆ. ಆಸ್ಪತ್ರೆ ಬಿಲ್ಲಿನಲ್ಲಿ ‘ಸಮಂಜಸ ಮತ್ತು ರೂಢಿಯ’ ದರವನ್ನಷ್ಟೇ ಕಂಪನಿ ಕೊಡುತ್ತದೆ, ಉಳಿದದ್ದು ರೋಗಿಯ ತಲೆಗೆ. ರೂಢಿ! ಈ ಪದ ಕೇಳಿದರೆ ನಮ್ಮ ಜನಕ್ಕೆ ಮೈ ಉರಿಯುತ್ತದೆ. ಬಾವಿ ಮುಟ್ಟಬಾರದೆಂಬುದೂ ರೂಢಿ, ಗುಡಿ ಹೊರಗೆ ನಿಲ್ಲುವುದೂ ರೂಢಿ. ಯಾರ ರೂಢಿ? 2020ರ ಜೂನ್‌ನಲ್ಲಿ ಕರ್ನಾಟಕ ಸರ್ಕಾರ ಖಾಸಗಿ ಆಸ್ಪತ್ರೆಗಳಿಗೆ ದರ ಗೊತ್ತು ಮಾಡಿತು. ಸರ್ಕಾರ ಕಳಿಸಿದ ರೋಗಿಗೆ ಜನರಲ್ ವಾರ್ಡಿಗೆ ದಿನಕ್ಕೆ 5,200 ರೂಪಾಯಿ, ತಾನಾಗಿ ಹೋಗಿ ದುಡ್ಡು ಕೊಡುವವನಿಗೆ 10,000, ವೆಂಟಿಲೇಟರ್ ಇದ್ದರೆ 25,000. ವಿಮೆ ಇದ್ದವರಿಗೆ ಈ ಮಿತಿಯೂ ಇಲ್ಲ, ಆಸ್ಪತ್ರೆ ಮತ್ತು ಕಂಪನಿ ಮಾತಾಡಿಕೊಂಡಷ್ಟು. ಅದೇ ಕೊಠಡಿ, ಅದೇ ಆಕ್ಸಿಜನ್, ಒಳಗೆ ಬಂದವನ ಕೈಯಲ್ಲಿರುವ ಕಾಗದ ನೋಡಿ ದರ. ಆಗಿದ್ದ ಬಿಬಿಎಂಪಿಯ ಮೂಲಕ ಹಾಸಿಗೆ ಸಿಕ್ಕವರ ಖರ್ಚನ್ನು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಕೊಡುತ್ತಿತ್ತು. ಉಸಿರು ಕಟ್ಟಿ ಸಿಕ್ಕಿದ ಆಸ್ಪತ್ರೆಗೆ ಓಡಿದವನ ಖರ್ಚು ಅವನದೇ.

ಆರೋಗ್ಯ ಕಾರ್ಯಕರ್ತರಿಗೆ ಐವತ್ತು ಲಕ್ಷದ ವಿಮೆ ಎಂದು ಕೇಂದ್ರ ಸರ್ಕಾರ 2020ರ ಮಾರ್ಚ್‌ನಲ್ಲಿ ಸಾರಿತು. ಒಳ್ಳೆಯದೇ. ಆಶಾ ಅಕ್ಕಂದಿರೂ ಅದರಲ್ಲಿದ್ದರು. ಆದರೆ ಯೋಜನೆಯ ಒಕ್ಕಣೆ ನೋಡಿ: ಕೋವಿಡ್ ರೋಗಿಯ ನೇರ ಸಂಪರ್ಕ ಮತ್ತು ಆರೈಕೆಯಲ್ಲಿ ಇರುವವರು. ರೋಗಿ ಹೆಣವಾದ ಮೇಲೆ ಆ ಹೆಣದ ಆರೈಕೆ ಮಾಡುವವನ ಮಾತು ಆ ಸಾಲಿನಲ್ಲಿ ಇಲ್ಲ. ಸುಡುಗಾಡಿನಲ್ಲಿ ಹಗಲೂ ರಾತ್ರಿ ಬೂದಿ ಬಳಿದವರು ಯಾವ ಜಾತಿಯವರು ಅಂತ ನಾನು ಹೇಳಬೇಕಿಲ್ಲ. 2022ರಲ್ಲಿ ಅವರಿಗೊಂದು ಹೆಸರು ಸಿಕ್ಕಿತು, ‘ಸತ್ಯ ಹರಿಶ್ಚಂದ್ರ ಬಳಗ’. ಹರಿಶ್ಚಂದ್ರ ಅಲ್ಲಿ ನಾಲ್ಕು ದಿನ ಕೆಲಸ ಮಾಡಿ ರಾಜ್ಯಕ್ಕೆ ವಾಪಸ್ ಹೋದವನು. ಸುಡುಗಾಡಿನ ಒಡೆಯ ವೀರಬಾಹು ಕಣ್ರಪ್ಪಾ! ನಮ್ಮ ಜನಕ್ಕೆ ಹೆಸರಿಡುವಾಗಲೂ ಬಂದು ಹೋದ ರಾಜನೇ ನೆನಪಾಗುತ್ತಾನೆ.

ಬೆಂಗಳೂರಿಗೆ ಪ್ಲೇಗ್ ಬಂದದ್ದು 1898ರಲ್ಲಿ. ಅದಕ್ಕೆ ಏಳು ವರ್ಷ ಮೊದಲೇ, 1891ರಲ್ಲಿ, ಮೈಸೂರು ಸಂಸ್ಥಾನದಲ್ಲಿ ಸರ್ಕಾರಿ ಜೀವವಿಮೆ ಶುರುವಾಗಿತ್ತು. ಸರ್ಕಾರಿ ನೌಕರರಿಗೆ. ಅಂದರೆ ರಿಜಿಸ್ಟರಿನಲ್ಲಿ ಹೆಸರಿದ್ದವರಿಗೆ. ಅಂದಿನಿಂದ ಇಂದಿನವರೆಗೂ ವಿಮೆಯ ಮೊದಲ ಪ್ರಶ್ನೆ ರೋಗದ್ದಲ್ಲ, ಹೆಸರಿನದ್ದು. ನಿನ್ನ ಹೆಸರು ಯಾವ ಪುಸ್ತಕದಲ್ಲಿ ಇದೆ?

ಚಿಕ್ಕಪ್ಪನ ಹೆಸರು ಯಾವ ಯಾವ ಪುಸ್ತಕದಲ್ಲಿ ಇರಲಿಲ್ಲ ನೋಡಿ. ಕೊರೊನಾದಿಂದ ಸತ್ತ ಕಾರ್ಮಿಕರ ಅವಲಂಬಿತರಿಗೆ ಪಿಂಚಣಿ ಕೊಡುವ ಯೋಜನೆಯನ್ನು ಇಎಸ್‌ಐ 2021ರ ಜೂನ್‌ನಲ್ಲಿ ತಂದಿತು. ರೋಗ ಬರುವ ಮೂರು ತಿಂಗಳು ಮೊದಲೇ ನೋಂದಣಿ ಆಗಿರಬೇಕು, ವರ್ಷದಲ್ಲಿ ಎಪ್ಪತ್ತು ದಿನದ ವಂತಿಗೆ ಇರಬೇಕು (ಆಮೇಲೆ ಮೂವತ್ತೈದಕ್ಕೆ ಇಳಿಸಿದರು). ಚಿಕ್ಕಪ್ಪನ ಕೂಲಿಯಲ್ಲಿ ‘ಇಎಸ್‌ಐ’ ಅಂತ ಕಂಟ್ರಾಕ್ಟರ್ ಮುರ್ಕೊಳ್ತಿದ್ದ. ಎಲ್ಲಿ ಕಟ್ಟಿದ ಅನ್ನೋದು ಅವನಿಗೇ ಗೊತ್ತು. ದುಡಿಯುವವನು ಸತ್ತ ಬಿಪಿಎಲ್ ಕುಟುಂಬಕ್ಕೆ ಒಂದು ಲಕ್ಷ ಎಂದು ರಾಜ್ಯ ಸರ್ಕಾರ ಅದೇ ಜೂನ್‌ನಲ್ಲಿ ಹೇಳಿತು. ಸುಪ್ರೀಂ ಕೋರ್ಟು ಗದರಿದ ಮೇಲೆ ಐವತ್ತು ಸಾವಿರದ ಕೇಂದ್ರದ ಪರಿಹಾರವೂ ಬಂತು. ಮರಣಪತ್ರದಲ್ಲಿ ಕೋವಿಡ್ ಅಂತ ಇಲ್ಲ ಅನ್ನೋ ಒಂದೇ ಕಾರಣಕ್ಕೆ ತಳ್ಳಬೇಡಿ ಎಂದು ಕೋರ್ಟು 2021ರ ಅಕ್ಟೋಬರ್‌ನಲ್ಲಿ ಹೇಳಿತ್ತು. ಆದರೆ ಪರೀಕ್ಷೆ ಪಾಸಿಟಿವ್ ಇರಬೇಕು, ಇಲ್ಲವೆ ಆಸ್ಪತ್ರೆಯಲ್ಲಿ ಒಳರೋಗಿಯಾಗಿದ್ದಾಗ ವೈದ್ಯರು ಕೊರೊನಾ ಅಂತ ಗುರುತಿಸಿರಬೇಕು. ಚಿಕ್ಕವ್ವ ಸ್ಕ್ಯಾನ್ ಫಿಲಮ್ಮನ್ನು ಸೀರೆಯ ಸೆರಗಲ್ಲಿ ಸುತ್ಕೊಂಡು ಒಂದು ಕಚೇರಿಗೆ ಹೋದಳು. ‘ಇದು ಒಳರೋಗಿ ದಾಖಲೆ ಅಲ್ಲಮ್ಮ’ ಅಂದರು. ಒಳಗೆ ಬಿಟ್ಟಿದ್ದರೆ ತಾನೆ ಒಳರೋಗಿ?

ಇದನ್ನೆಲ್ಲ ನಮ್ಮ ಕಡೆಯ ಓದಿದ ಗೆಳೆಯರಿಗೆ ಹೇಳಿದರೆ ಅವರ ಮಾತು ಒಂದೇ: ‘ಒಂದು ಪಾಲಿಸಿ ಮಾಡ್ಸಿರಬೇಕಿತ್ತು ಮಾರಾಯ.’ ನನಗೆ ಸಿಟ್ಟು ಕಂಪನಿಗಿಂತ ಹೆಚ್ಚಾಗಿ ಈ ಮಾತಿನ ಮೇಲೆ. ಸಂಬಳ ಬಂದ ಎರಡನೇ ತಿಂಗಳಿಗೇ ನಾವು ಗ್ರಾಹಕರ ಭಾಷೆ ಕಲಿತುಬಿಡುತ್ತೇವೆ. ಕೇರಿಯ ಸಾವು ಕೇರಿಯವರ ಅಜಾಗರೂಕತೆ ಆಗಿಬಿಡುತ್ತದೆ. ಬಾಬಾಸಾಹೇಬರ ಫೋಟೋ ಗೋಡೆಯಲ್ಲಿದೆ, ಅವರು ವಿಮೆಯ ಬಗ್ಗೆ ಏನು ಹೇಳಿದರು ಅಂತ ಕೇಳಿದರೆ ಗೊತ್ತಿಲ್ಲ. ನನಗೂ ಗೊತ್ತಿರಲಿಲ್ಲ. ಎಂ.ಎ. ಮುಗಿಯುವ ಹೊತ್ತಿಗೆ ಓದಿದೆ.

1947ರಲ್ಲಿ ಪರಿಶಿಷ್ಟ ಜಾತಿಗಳ ಒಕ್ಕೂಟದ ಪರವಾಗಿ ಸಂವಿಧಾನ ಸಭೆಗೆಂದು ಬಾಬಾಸಾಹೇಬರು ಬರೆದ ಮನವಿ ‘ಸ್ಟೇಟ್ಸ್ ಅಂಡ್ ಮೈನಾರಿಟೀಸ್’. ಅದರಲ್ಲಿ ಅವರು ಕೇಳಿದ್ದು ಇದು: ವಿಮೆ ಪೂರ್ತಿಯಾಗಿ ಸರ್ಕಾರದ ಕೈಯಲ್ಲಿರಬೇಕು, ವಯಸ್ಸಿಗೆ ಬಂದ ಪ್ರತಿಯೊಬ್ಬನಿಗೂ ಅವನ ಕೂಲಿಗೆ ತಕ್ಕ ಜೀವವಿಮೆ ಕಡ್ಡಾಯವಾಗಿರಬೇಕು, ಅದೂ ಸಂವಿಧಾನದ ಭಾಗವಾಗಿ. ವಿಮೆಯನ್ನು ಅಂಗಡಿಯ ಸರಕಾಗಿ ಅವರು ನೋಡಲಿಲ್ಲ, ಭೂಮಿಯ ಪ್ರಶ್ನೆ, ಕೈಗಾರಿಕೆಯ ಪ್ರಶ್ನೆಗಳ ಸಾಲಿನಲ್ಲೇ ಇಟ್ಟರು. ಅದಕ್ಕೂ ಮೊದಲು ವೈಸರಾಯ್ ಮಂಡಳಿಯಲ್ಲಿ ಅವರು ಕಾರ್ಮಿಕ ಖಾತೆ ನೋಡಿಕೊಳ್ಳುತ್ತಿದ್ದಾಗಲೇ ಕಾರ್ಮಿಕರ ಆರೋಗ್ಯ ವಿಮೆಯ ಅದಾರ್ಕರ್ ವರದಿ 1944ರಲ್ಲಿ ಬಂತು. 1948ರ ಇಎಸ್‌ಐ ಕಾಯ್ದೆ ಅದರ ಫಲ. ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯ ಹಿಂದೆ ಇರುವುದು ಆ ಕನಸು. ಅದೇ ಆಸ್ಪತ್ರೆಯ ಶವಾಗಾರದಲ್ಲಿ, 2020ರ ಜುಲೈನಲ್ಲಿ ಕೊರೊನಾದಿಂದ ಸತ್ತ ಇಬ್ಬರ ಹೆಣಗಳು 2021ರ ನವೆಂಬರ್‌ನಲ್ಲಿ ಸಿಕ್ಕವು. ವರ್ಷ ದಾಟಿದರೂ ಮಣ್ಣು ಕಾಣದೆ ಅಲ್ಲೇ ಉಳಿದಿದ್ದವು. ಆ ಸುದ್ದಿ ಓದಿದ ದಿನ ನನಗೆ ಅನ್ನ ಸೇರಲಿಲ್ಲ.

ಆ ಕನಸನ್ನು ಹೇಗೆ ಹರಿದರು ಅಂತಲೂ ಗೊತ್ತಿರಲಿ. 1956ರಲ್ಲಿ ಜೀವವಿಮೆ ರಾಷ್ಟ್ರೀಕರಣವಾಯಿತು, ಎಪ್ಪತ್ತರ ದಶಕದ ಮೊದಲಲ್ಲಿ ಸಾಮಾನ್ಯ ವಿಮೆಯೂ ಆಯಿತು. 1999ರ ಕಾಯ್ದೆ ಬಾಗಿಲು ತೆರೆಯಿತು. ವಿದೇಶಿ ಬಂಡವಾಳದ ಪಾಲು 26ರಿಂದ 49ಕ್ಕೆ ಏರಿತು, 49ರಿಂದ 74ಕ್ಕೆ ಏರಿಸಿದ್ದು 2021ರ ಮಾರ್ಚ್‌ನಲ್ಲಿ. ನಾವು ಹೆಣ ಹೊತ್ತು ಸಾಲಿನಲ್ಲಿ ನಿಲ್ಲುವುದಕ್ಕೆ ಸರಿಯಾಗಿ ಒಂದು ತಿಂಗಳ ಮೊದಲು. ಆರೋಗ್ಯ ವಿಮೆಯ ಪ್ರೀಮಿಯಂ ಮೇಲೆ ಆಗ ನೂರಕ್ಕೆ ಹದಿನೆಂಟು ತೆರಿಗೆ. ವೈಯಕ್ತಿಕ ಪಾಲಿಸಿಗಳಿಗೆ ಅದು ಹೋದದ್ದು 2025ರ ಸೆಪ್ಟೆಂಬರ್ 22ಕ್ಕೆ.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಆ ಎರಡು ವರ್ಷದಲ್ಲಿ ನಾನು ಹದಿನಾಲ್ಕು ಕೊರೊನಾ ಕವಿತೆ ಬರೆದೆ. ಉಸಿರು, ಬೂದಿ, ಚಂದ್ರ ಎಲ್ಲ ಬಂದವು. ಚಿಕ್ಕಪ್ಪನ ಪಾಸ್‌ಬುಕ್ ಬರಲಿಲ್ಲ. 2022ರ ಕೊನೆಯಲ್ಲಿ ಚಿಕ್ಕವ್ವ ಗ್ಯಾಸ್ ಸಬ್ಸಿಡಿ ಬಂದಿದೆಯಾ ನೋಡ್ಲಾ ಅಂತ ಎರಡೂ ಪಾಸ್‌ಬುಕ್ ಕೊಟ್ಟಳು. ಚಿಕ್ಕಪ್ಪನದರಲ್ಲಿ 2020ರ ಮೇ ತಿಂಗಳ ಒಂದು ಸಾಲು: 330 ರೂಪಾಯಿ ಕಡಿತ. ಪಕ್ಕದಲ್ಲಿ ಇಂಗ್ಲಿಷಿನ ನಾಲ್ಕಾರು ಅಕ್ಷರ. ಅದು ಪ್ರಧಾನಮಂತ್ರಿ ಜೀವನ್ ಜ್ಯೋತಿ ವಿಮೆ. ಖಾತೆ ತೆರೆಯುವಾಗ ಯಾರೋ ಹೆಬ್ಬೆಟ್ಟು ಒತ್ತಿಸಿದ್ದಾರೆ. ಆ ವರ್ಷದ ವಿಮೆ 2021ರ ಮೇ 31ರವರೆಗೆ. ಚಿಕ್ಕಪ್ಪ ಸತ್ತದ್ದು ಮೇ 9. ಸಾವು ಯಾವುದರಿಂದಾದರೂ ಆಗಲಿ, ಎರಡು ಲಕ್ಷ. ಪಾಸಿಟಿವ್ ವರದಿ ಬೇಡ, ಬಿಯು ನಂಬರ್ ಬೇಡ.

ಬ್ಯಾಂಕಿನವರು ಮೂವತ್ತು ದಿನದೊಳಗೆ ಬರಬೇಕಿತ್ತು ಅಂದರು. ‘ಸರಿ ಸಾರ್, ಕೊಡಲ್ಲ ಅಂತ ಬರೆದು ಕೊಡಿ’ ಅಂದೆ. ಬರೆದು ಕೊಡಲಿಲ್ಲ, ಅರ್ಜಿ ಫಾರಂ ಕೊಟ್ಟರು. ನಾಮಿನಿ ಜಾಗದಲ್ಲಿ ಸತ್ತುಹೋದ ನಮ್ಮಜ್ಜಿಯ ಹೆಸರು. ವಂಶವೃಕ್ಷಕ್ಕೆ ನಾಡಕಚೇರಿ, ಸಹಿಗೆ ಬ್ಯಾಂಕು, ಜೆರಾಕ್ಸಿಗೆ ಅಂಗಡಿ. ಒಂದು ವರ್ಷ ಅಲೆದೆವು. 2024ರ ಜನವರಿಯಲ್ಲಿ ದುಡ್ಡು ಬಂತು. ಮೊಬೈಲಿನ ಮೆಸೇಜ್ ಓದಿ ಹೇಳಿದಾಗ ಚಿಕ್ಕವ್ವ ನಗಲೂ ಇಲ್ಲ, ಅಳಲೂ ಇಲ್ಲ. ‘ಅವತ್ತು ಗೇಟ್‌ನಾಗೆ ಕೇಳಿದ್ದೂ ಎರಡು ಲಕ್ಷನೇ ಅಲ್ವೇನ್ಲಾ ಮಗಾ?’ ಅಂದಳು.

ಆಮೇಲೆ ನಾವು ನಾಲ್ಕು ಜನ ಕೇರಿಯ ಪಾಸ್‌ಬುಕ್‌ಗಳನ್ನು ಓದಲು ಕೂತೆವು. ಹನ್ನೆರಡು ರೂಪಾಯಿ ಕಡಿತ ಇದ್ದರೆ ಅದು ಅಪಘಾತದ್ದು, ರೋಗಕ್ಕೆ ಬರುವುದಿಲ್ಲ. 2022ರ ಜೂನ್‌ನಿಂದ ಅದು ಇಪ್ಪತ್ತಾಯಿತು, ಜೀವನ್ ಜ್ಯೋತಿಯ 330 ಹೋಗಿ 436 ಆಯಿತು. ಮೇ ಕೊನೆಯ ವಾರ ಖಾತೆಯಲ್ಲಿ ಅಷ್ಟು ಇಲ್ಲದಿದ್ದರೆ ವಿಮೆ ನಿಂತುಹೋಗುತ್ತದೆ. 2021ರ ಮೇನಲ್ಲಿ, ಲಾಕ್‌ಡೌನಿನ ನಡುವೆ, ಯಾವ ಕೂಲಿಯವನ ಖಾತೆಯಲ್ಲಿ 330 ಇತ್ತು? ಹಾಗೆ ನಿಂತುಹೋದ ಸಾಲುಗಳನ್ನೂ ಓದಿದೆವು. ಖಾಸಗಿ ಪಾಲಿಸಿ ಇದ್ದವರೂ ಬಂದರು. ಕ್ಲೇಮು ತಿರಸ್ಕರಿಸಿದರೆ ಕಾರಣ ಬರಹದಲ್ಲಿ ಕೇಳಿ, ಕಂಪನಿಗೇ ಮೊದಲು ದೂರು ಕೊಡಿ, ಒಂದು ತಿಂಗಳಾದರೂ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪದಿದ್ದರೆ, ಒಂದು ವರ್ಷದೊಳಗೆ ಜೆ.ಪಿ. ನಗರದ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಹೋಗಿ. ಅಲ್ಲಿ ಫೀಸಿಲ್ಲ, ವಕೀಲರೂ ಬೇಡ.

ಇದರಿಂದ ಬಾಬಾಸಾಹೇಬರು ಕೇಳಿದ್ದು ಸಿಕ್ಕಂತಾಗಲಿಲ್ಲ. ಅದಕ್ಕೆ ಬೀದಿಗಿಳಿಯಬೇಕು, ಇಳಿಯುವವರಿದ್ದರೆ ನಾವು ಜೊತೆಗಿದ್ದೇವೆ. ಅಲ್ಲಿಯವರೆಗೆ ಭಾನುವಾರ ಬೆಳಗ್ಗೆ ಜ್ಞಾನಭಾರತಿಗೆ ಬನ್ನಿ. ಪಾಸ್‌ಬುಕ್ ತನ್ನಿ. ಸತ್ತವರದ್ದೂ ತನ್ನಿ.